ಹೈದರಾಬಾದಿನಲ್ಲಿ ಬೆಳ್ಳಿಹಬ್ಬದ ಊಟ: ಗಿರಾಕಿಯ ಕುರ್ಚಿಯಲ್ಲಿ ಕುಳಿತು ನೋಡಿದಾಗ

ಮದುವೆಯ ವಾರ್ಷಿಕೋತ್ಸವ ಎಂದರೆ ನಮ್ಮ ಉದ್ಯಮದವರ ಪಾಲಿಗೆ ಯಾವಾಗಲೂ ಬೇರೆಯವರದ್ದು. ಬೇರೆಯವರ ಬೆಳ್ಳಿಹಬ್ಬಕ್ಕೆ ಹೋಳಿಗೆ ಬೇಯಿಸುತ್ತೇವೆ, ಬೇರೆಯವರ ಅರವತ್ತರ ಶಾಂತಿಗೆ ಎಲೆ ಹಾಕುತ್ತೇವೆ. ನಮ್ಮದು ಬಂದಾಗ ಆ ದಿನ ಎಲ್ಲೋ ಛತ್ರದಲ್ಲಿ ನಾನೂರು ಜನರ ಪಂಕ್ತಿ ನಡೆದಿರುತ್ತದೆ. ಕಲಬುರಗಿ ಕಡೆಯ ನಮ್ಮ ಸದಸ್ಯರೊಬ್ಬರ ಮದುವೆಯಾದದ್ದು ಮೇ ತಿಂಗಳಲ್ಲಿ. ಖಾನಾವಳಿಯ ಜೊತೆಗೆ ಮದುವೆ ಕೇಟರಿಂಗ್ ಮಾಡುವವರಿಗೆ ಮೇ ತಿಂಗಳು ಹೇಗಿರುತ್ತದೆಂದು ಓದುಗರಿಗೆ ಹೇಳಬೇಕಾಗಿಲ್ಲ. ಅವರು ಫೋನಿನಲ್ಲಿ ಹೇಳಿದ್ದು ಇಷ್ಟು: "ಇಪ್ಪತ್ತೈದು ವರ್ಷ ಆತ್ರಿ. ಒಮ್ಮ್ಯಾರ ಇಬ್ಬರೂ ಕೂಡಿ ಕೂತು, ಮಂದಿ ಬಡಿಸಿದ್ದು ಉಂಡಿಲ್ಲ. ಈ ಸಲ ಆಕಿನ ಕಣ್ಣು ತೋರಸಾಕ ಹೈದರಾಬಾದಿಗೆ ಹೊಂಟೀವಿ. ಅದs ದಿನ ಬಿದ್ದೈತಿ. ಚಲೋ ಹೋಟೆಲ್ ಒಂದು ಹೇಳ್ರಿ."

ನಾವು ಕೂಡಲೇ ಫಲಕ್‌ನುಮಾ ಅರಮನೆಯ ಹೆಸರು ಹೇಳಿಬಿಟ್ಟೆವು. ಅದೇ ನಾವು ಮಾಡಿದ ತಪ್ಪು. ಅರಮನೆಯಲ್ಲಿ ಕೊರತೆಯಿದೆ ಎಂದಲ್ಲ. ಉಣ್ಣುವವರು ಯಾರು, ಅವರಿಗೆ ಏನು ಸೇರುತ್ತದೆ, ಆ ದಿನ ಅವರು ಎಷ್ಟು ಹೊತ್ತಿಗೆ ದಣಿದಿರುತ್ತಾರೆ ಎಂಬ ಒಂದೇ ಒಂದು ಪ್ರಶ್ನೆಯನ್ನೂ ನಾವು ಕೇಳಲಿಲ್ಲ. ಮೂವತ್ತು ವರ್ಷ ಗಲ್ಲಾದ ಹಿಂದೆ ಕುಳಿತವರೇ ಹೀಗೆ ಮಾಡಿದರೆ ಪರಊರಿನ ಗಿರಾಕಿ ಪಾಪ ಏನು ಮಾಡಿಯಾನು? ಎರಡನೆಯ ದಿನ ನಾವೇ ಫೋನ್ ಮಾಡಿ ಮತ್ತೆ ಮೊದಲಿನಿಂದ ಮಾತನಾಡಿದೆವು. ಆ ಮಾತುಕತೆಯಿಂದ ತಿಳಿದದ್ದು ನಮ್ಮ ಸದಸ್ಯರೆಲ್ಲರಿಗೂ ಉಪಯೋಗಕ್ಕೆ ಬರಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ. ಪ್ರವಾಸ ಹೋದಾಗ ನಾವು ಎಲ್ಲಿ ಉಣ್ಣಬೇಕು ಎಂಬುದು ಇದರ ಒಂದು ಮುಖ. ಅಂಥ ದಿನಕ್ಕೆ ನಮ್ಮ ಹೋಟೆಲಿಗೆ ಬರುವ ಜೋಡಿ ಏನನ್ನು ಹುಡುಕುತ್ತಿರುತ್ತದೆ ಎಂಬುದು ಇನ್ನೊಂದು ಮುಖ.

ಕಲಬುರಗಿ, ಬೀದರ್, ರಾಯಚೂರಿನವರಿಗೆ ಹೈದರಾಬಾದ್ ಪರಊರು ಎನಿಸುವುದೇ ಕಡಿಮೆ. 1956ರ ನವೆಂಬರ್ 1ರವರೆಗೆ ಒಂದೇ ರಾಜ್ಯದಲ್ಲಿದ್ದವರು. ಈಗಲೂ ಆಸ್ಪತ್ರೆಗೆ, ಮದುವೆ ಜವಳಿಗೆ, ಅಡುಗೆ ಪಾತ್ರೆಗಳ ಖರೀದಿಗೆ ಬೆಂಗಳೂರಿಗಿಂತ ಮೊದಲು ನೆನಪಾಗುವುದು ಹೈದರಾಬಾದೇ. ಆದರೆ ಹೋದವರು ಉಣ್ಣುವುದೆಲ್ಲಿ? ಬೆಳಿಗ್ಗೆ ಆಬಿಡ್ಸ್‌ನ ತಾಜ್‌ಮಹಲ್ ಹೋಟೆಲಿನಲ್ಲೋ ಯಾವುದಾದರೂ ಕಾಮತ್ ಹೋಟೆಲಿನಲ್ಲೋ ಇಡ್ಲಿ, ಮಧ್ಯಾಹ್ನ ಸಿಕ್ಕಲ್ಲಿ ಊಟ, ಸಂಜೆ ಬಸ್ಸು. 2019ರಲ್ಲಿ ಯುನೆಸ್ಕೊ ಸಂಸ್ಥೆಯು ಪಾಕಕಲೆಗಾಗಿ ತನ್ನ ಸೃಜನಶೀಲ ನಗರಗಳ ಪಟ್ಟಿಗೆ ಸೇರಿಸಿಕೊಂಡ ಊರು ಅದು. ಅಲ್ಲಿನ ಹಲೀಮಿಗೆ 2010ರಲ್ಲಿಯೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಇಷ್ಟಿದ್ದೂ ನಮ್ಮವರಲ್ಲಿ ಅನೇಕರು ಆ ಊರಿನ ದೊಡ್ಡ ಭೋಜನಶಾಲೆಯ ಬಾಗಿಲು ದಾಟಿದವರಲ್ಲ.

ಹೆಸರುವಾಸಿಯಾದ ಫಲಕ್‌ನುಮಾದಿಂದಲೇ ಆರಂಭಿಸೋಣ. ಚಾರ್ಮಿನಾರಿನಿಂದ ದಕ್ಷಿಣಕ್ಕೆ ಸುಮಾರು ಐದು ಕಿಲೋಮೀಟರ್ ದೂರದ ಗುಡ್ಡದ ಮೇಲೆ ಪಾಯಿಗಾ ಮನೆತನದ ನವಾಬ್ ವಿಕಾರ್ ಉಲ್ ಉಮ್ರಾ 1884ರಲ್ಲಿ ಕಟ್ಟಲು ತೊಡಗಿದ ಅರಮನೆ ಇದು. ಮುಗಿಯಲು ಒಂಬತ್ತು ವರ್ಷ ಹಿಡಿಯಿತು. ಕಟ್ಟಿಸಿದವರಿಗೆ ಅದು ದಕ್ಕಲಿಲ್ಲ, ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ವಶವಾಗಿ ರಾಜ ಅತಿಥಿಗಳ ಬಿಡಾರವಾಯಿತು. ಬಹುಕಾಲ ಬಾಗಿಲು ಹಾಕಿಕೊಂಡಿದ್ದ ಅರಮನೆಯನ್ನು ತಾಜ್ ಸಮೂಹವು ಸುಮಾರು ಹತ್ತು ವರ್ಷ ದುರಸ್ತಿ ಮಾಡಿ 2010ರ ನವೆಂಬರಿನಲ್ಲಿ ಹೋಟೆಲಾಗಿ ತೆರೆಯಿತು. ಅಲ್ಲಿನ ನೂರಾ ಒಂದು ಜನ ಕೂರುವ ಊಟದ ಮೇಜು ಪ್ರಸಿದ್ಧ. 2017ರ ನವೆಂಬರ್ 28ರಂದು ಪ್ರಧಾನಿಯವರು ಇವಾಂಕಾ ಟ್ರಂಪ್ ಮತ್ತಿತರ ಅತಿಥಿಗಳಿಗೆ ಔತಣ ಕೊಟ್ಟದ್ದು ಈ ಅರಮನೆಯಲ್ಲಿಯೇ.

ಪತ್ರಿಕೆಯಲ್ಲಿ ಈ ಮೇಜಿನ ಚಿತ್ರ ನೋಡಿದವರು ತಾವೂ ಅಲ್ಲಿ ಕೂರುತ್ತೇವೆಂದು ತಿಳಿದು ಹೋಗುತ್ತಾರೆ. ಹಾಗಾಗುವುದಿಲ್ಲ. ಆ ಮೇಜು ವಿಶೇಷ ಔತಣಗಳಿಗೆ. ಊಟಕ್ಕೆಂದು ಬರುವ ಜೋಡಿಗೆ ಅದಾ ಎಂಬ ಭಾರತೀಯ ಭೋಜನಶಾಲೆ, ಸೆಲೆಸ್ಟ್ ಎಂಬ ವಿದೇಶಿ ಅಡುಗೆಯ ಭೋಜನಶಾಲೆ ಇವೆ. ಅಲ್ಲಿ ತಂಗದೆ ಊಟಕ್ಕೆ ಮಾತ್ರ ಹೋಗುವವರು ಮೊದಲೇ ಜಾಗ ಕಾಯ್ದಿರಿಸಬೇಕು. ಇಲ್ಲದಿದ್ದರೆ ಕೆಳಗಿನ ಗೇಟಿನಲ್ಲಿಯೇ ನಿಲ್ಲಬೇಕಾಗುತ್ತದೆ. ತಂಗುವ ಅತಿಥಿಗಳನ್ನು ಗೇಟಿನಿಂದ ಕುದುರೆ ಸಾರೋಟಿನಲ್ಲಿ ಕರೆದೊಯ್ಯುವ ಪದ್ಧತಿಯಿದೆ. ಊಟಕ್ಕೆ ಮಾತ್ರ ಬರುವವರಿಗೂ ಅದುಂಟೇ ಎಂದು ಕೇಳಿಯೇ ಹೋಗಬೇಕು. ಮುಂಗಡ ಹಣ, ಉಡುಪಿನ ನಿಯಮ, ಅರಮನೆಯನ್ನು ಸುತ್ತಿ ನೋಡಲು ಬಿಡುತ್ತಾರೋ ಇಲ್ಲವೋ ಎಂಬುದನ್ನೂ ಅದೇ ಫೋನಿನಲ್ಲಿ ವಿಚಾರಿಸಿಕೊಳ್ಳಬೇಕು. ಇನ್ನು ದಾರಿ. ಬಂಜಾರಾ ಹಿಲ್ಸ್ ಅಥವಾ ಹೈಟೆಕ್ ಸಿಟಿ ಕಡೆ ಇಳಿದುಕೊಂಡವರು ಸಂಜೆಯ ಹೊತ್ತಿನಲ್ಲಿ ಹಳೆಯ ಪಟ್ಟಣ ದಾಟಿ ಹೋಗಬೇಕು. ರಮ್ಜಾನ್ ತಿಂಗಳಾದರಂತೂ ಚಾರ್ಮಿನಾರ್ ಸುತ್ತಿನ ಬೀದಿಗಳಲ್ಲಿ ರಾತ್ರಿಯಿಡೀ ಜನಜಂಗುಳಿ. ಸೂರ್ಯಾಸ್ತಕ್ಕೆ ಅರಮನೆಯಲ್ಲಿರಬೇಕೆಂದು ಹೊರಟವರು ದೀಪ ಹಚ್ಚಿದ ಮೇಲೆ ತಲುಪಿದರೆ ಅರ್ಧ ಖರ್ಚು ದಾರಿಯಲ್ಲೇ ಹೋದಂತೆ. ಗುಡ್ಡದ ಮೇಲಿಂದ ಊರು ಕಾಣುವ ನೋಟಕ್ಕೂ ಸೇರಿಸಿಯೇ ಅಲ್ಲಿ ಹಣ ಕೊಡುತ್ತೇವೆ.

ನಮ್ಮ ಸದಸ್ಯರ ಶ್ರೀಮತಿಯವರಿಗೆ ಅಂದು ಬೆಳಿಗ್ಗೆ ಕಣ್ಣಿಗೆ ಔಷಧ ಬಿಟ್ಟು ಪರೀಕ್ಷೆ ಮಾಡುವವರಿದ್ದರು. ಆ ಔಷಧ ಬಿಟ್ಟರೆ ಕೆಲವು ಗಂಟೆ ಕಣ್ಣು ಮಂಜು, ಬೆಳಕು ಚುಚ್ಚುತ್ತದೆ. ಅಂಥವರನ್ನು ಸೂರ್ಯಾಸ್ತ ತೋರಿಸಲು ಗುಡ್ಡ ಹತ್ತಿಸುವುದು ಯಾವ ನ್ಯಾಯ? ಈ ಒಂದು ಸಂಗತಿ ಕೇಳಿಕೊಂಡಿದ್ದರೆ ನಾವು ಮೊದಲ ದಿನವೇ ಅರಮನೆಯ ಮಾತು ಎತ್ತುತ್ತಿರಲಿಲ್ಲ.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಬಹಳ ಹಿಂಜರಿದು ಹೇಳಿದರು: "ಆಕಿಗೆ ಚಮಚ, ಚೂರಿ ಹಿಡಿದು ಉಣ್ಣಾಕ ಬರಂಗಿಲ್ರಿ. ನಾಕು ಮಂದಿ ಮುಂದ ನಾಚಿಕೊಂಡು ಉಪಾಸ ಏಳ್ತಾಳ." ಹೋಟೆಲಿಗರ ಮನೆಯವರೇ ಹೀಗೆ ಅಂಜುತ್ತಾರೆಂದರೆ ಸಾಮಾನ್ಯ ಗಿರಾಕಿಗಳ ಅಂಜಿಕೆ ಎಷ್ಟಿರಬೇಕು ಎಂದು ಯೋಚಿಸಬೇಕು. ದುಬಾರಿ ಜಾಗಗಳಿಂದ ಜನರನ್ನು ದೂರ ಇಡುವುದು ಬೆಲೆ ಒಂದೇ ಅಲ್ಲ, ಈ ನಾಚಿಕೆಯೂ ಹೌದು. ಆದರೆ ಇದಕ್ಕೆ ಉತ್ತರವೂ ದೊಡ್ಡ ಹೋಟೆಲುಗಳಲ್ಲಿಯೇ ಇದೆ. ಬೇಗಂಪೇಟೆಯ ಐಟಿಸಿ ಕಾಕತೀಯದಲ್ಲಿ ಪೇಶಾವರಿ ಎಂಬ ಭೋಜನಶಾಲೆಯಿದೆ. ದೆಹಲಿಯ ಪ್ರಸಿದ್ಧ ಬುಖಾರಾದ ಪದ್ಧತಿಯೇ ಇಲ್ಲಿಯೂ: ಕೈಯಲ್ಲಿ ಉಣ್ಣಬೇಕು, ಬಟ್ಟೆಗೆ ಕಲೆಯಾಗದಂತೆ ಕೊರಳಿಗೆ ದೊಡ್ಡ ಚೌಕುಳಿ ಬಟ್ಟೆ ಕಟ್ಟುತ್ತಾರೆ. ಮಂತ್ರಿಗಳಾದರೂ ಸರಿ, ಉದ್ಯಮಪತಿಗಳಾದರೂ ಸರಿ, ರೊಟ್ಟಿ ಮುರಿದು ಕರಿ ಉದ್ದಿನ ದಾಲಿನಲ್ಲಿ ಅದ್ದಿಯೇ ತಿನ್ನಬೇಕು. ಆ ದಾಲನ್ನು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಮೆನು ದೊಡ್ಡದಲ್ಲ, ವರ್ಷಗಟ್ಟಲೆ ಬದಲಾಗುವುದೂ ಇಲ್ಲ. ನಮ್ಮಲ್ಲಿ ಎಂಟು ಪುಟದ ಮೆನು ಮುದ್ರಿಸಿ ಅರ್ಧಕ್ಕೆ "ಇವತ್ತು ಇಲ್ಲ" ಎನ್ನುವವರು ಇದನ್ನು ಗಮನಿಸಬೇಕು.

ಅದೇ ಹೋಟೆಲಿನ ದಕ್ಷಿಣ್ ಎಂಬ ಭೋಜನಶಾಲೆಯಲ್ಲಿ ದಕ್ಷಿಣದ ರಾಜ್ಯಗಳ ಅಡುಗೆ. ಪರಊರಿಗೆ ಹೋಗಿ ಮತ್ತೆ ಸಾರು, ಪಲ್ಯವನ್ನೇ ಉಣ್ಣುವುದೇ ಎಂದು ಕೆಲವರು ಕೇಳಬಹುದು. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಬ್ಬರೇ ಹೋಗುವುದಾದರೆ ನಮ್ಮ ಮತ ಬೇರೆ.

ಆ ಊರಿನದೇ ಅಡುಗೆ ಬೇಕು ಎನ್ನುವವರಿಗೆ ಬಂಜಾರಾ ಹಿಲ್ಸ್‌ನ ತಾಜ್ ಕೃಷ್ಣದಲ್ಲಿ ಫಿರ್ದೌಸ್ ಇದೆ, ಅಲ್ಲಿಯದು ನಿಜಾಮರ ಕಾಲದ ಅಡುಗೆ. 2018ರಲ್ಲಿ ದುರ್ಗಂ ಚೆರುವಿನ ದಂಡೆಯಲ್ಲಿ ಆರಂಭವಾದ ಐಟಿಸಿ ಕೊಹೆನೂರಿನ ದಮ್ ಪುಖ್ತ್ ಬೇಗಮ್ಸ್ ಇನ್ನೊಂದು. ದಮ್ ಪುಖ್ತ್ ಎಂದರೆ ಪಾತ್ರೆಯ ಬಾಯಿಗೆ ಕಣಕ ಮೆತ್ತಿ ಒಳಗಿನ ಆವಿಯಲ್ಲೇ ನಿಧಾನವಾಗಿ ಬೇಯಿಸುವುದು. ಲಖನೌ ಕಡೆಯ ಈ ಪದ್ಧತಿಯನ್ನು ದೊಡ್ಡ ಹೋಟೆಲುಗಳಿಗೆ ತಂದವರು ಪದ್ಮಶ್ರೀ ಪುರಸ್ಕೃತ ಬಾಣಸಿಗ ಇಮ್ತಿಯಾಜ್ ಖುರೇಷಿಯವರು. ಅವರು 2024ರಲ್ಲಿ ತೀರಿಕೊಂಡರು. ಹೈದರಾಬಾದಿನ ಬಿರಿಯಾನಿಯಲ್ಲೂ ದಮ್ ಉಂಟು, ಆದರೆ ಲೆಕ್ಕ ಬೇರೆ. ಅಲ್ಲಿ ಮಸಾಲೆಯಲ್ಲಿ ನೆನೆಸಿದ ಹಸಿ ಮಾಂಸದ ಮೇಲೆ ಅರೆಬೆಂದ ಅಕ್ಕಿ ಹರವಿ ಎರಡೂ ಒಟ್ಟಿಗೆ ಹದಕ್ಕೆ ಬರುವಂತೆ ಬೇಯಿಸುತ್ತಾರೆ. ಒಂದು ಗಳಿಗೆ ಆಚೀಚೆ ಆದರೆ ಮಾಂಸ ಗಟ್ಟಿ ಅಥವಾ ಅನ್ನ ಮುದ್ದೆ. ಒಂದೇ ಊರಿನಲ್ಲಿ ಈ ಎರಡು ಪದ್ಧತಿಯನ್ನೂ ತಿಂದು ಹೋಲಿಸುವ ಅವಕಾಶ ಅಡುಗೆ ಬಲ್ಲವರಿಗೆ ದೊಡ್ಡದು.

ಸಸ್ಯಾಹಾರಿಗಳು ಹೈದರಾಬಾದಿ ಅಡುಗೆ ಎಂದ ಕೂಡಲೇ ಹಿಂದೆ ಸರಿಯುತ್ತಾರೆ. ಸರಿಯಬೇಕಿಲ್ಲ. ಬಘಾರೆ ಬೈಂಗನ್ ಎನ್ನುವ ಬದನೆಕಾಯಿ ಪದಾರ್ಥ, ಮಿರ್ಚಿ ಕಾ ಸಾಲನ್, ಹುಳಿ ಹಿಂಡಿದ ಖಟ್ಟಿ ದಾಲ್, ಕೊನೆಗೆ ಒಣ ಜರ್ದಾಳು ಹಣ್ಣಿನ ಖುಬಾನಿ ಕಾ ಮೀಠಾ ಅಥವಾ ಬ್ರೆಡ್ಡಿನ ಡಬಲ್ ಕಾ ಮೀಠಾ, ಇಷ್ಟರಲ್ಲೇ ಒಂದು ಪೂರ್ಣ ಊಟವಾಯಿತು. ಬಘಾರೆ ಬೈಂಗನ್ನಿನ ಮಸಾಲೆಯನ್ನು ನೋಡಿ: ಶೇಂಗಾ, ಎಳ್ಳು, ಒಣಕೊಬ್ಬರಿ, ಹುಣಸೆಹುಳಿ. ನಮ್ಮ ಎಣ್ಣೆಗಾಯಿಗೂ ಅದಕ್ಕೂ ರಕ್ತಸಂಬಂಧ ಇದ್ದೇ ಇದೆ. ಎರಡು ನೂರು ಕಿಲೋಮೀಟರ್ ಅಂತರದಲ್ಲಿ ಬದನೆಕಾಯಿ ಧರ್ಮ ಬದಲಿಸುವುದಿಲ್ಲ. ಆದರೆ ಒಂದು ಎಚ್ಚರ: ಸಾಲನ್ನಿನಲ್ಲಿ ಮಾಂಸದ ಸಾರು ಬೆರೆಸುತ್ತೀರಾ, ಸಸ್ಯಾಹಾರಕ್ಕೆ ಬೇರೆ ಪಾತ್ರೆ, ಬೇರೆ ಒಲೆ ಇದೆಯೇ ಎಂದು ಕಾಯ್ದಿರಿಸುವಾಗಲೇ ಕೇಳಬೇಕು. ಮೇಜಿನ ಮುಂದೆ ಕುಳಿತು ಕೇಳಿದರೆ ಸಪ್ಲೈಯರ್ ಒಳಗೆ ಹೋಗಿ ವಿಚಾರಿಸದೆಯೇ "ಇದೆ ಸರ್" ಎನ್ನುತ್ತಾನೆ. ನಮ್ಮ ಹುಡುಗರೂ ಹಾಗೇ ಅನ್ನುತ್ತಾರಲ್ಲವೇ.

ಈಗ ಫೋನಿನ ವಿಷಯ. ನಮ್ಮ ಸದಸ್ಯರು ಮೂರು ಕಡೆ ಫೋನ್ ಮಾಡಿದರು. ಹೆಸರುಗಳು ಬೇಡ. ಮೊದಲನೆಯ ಕಡೆ ಎಂಟು ನಿಮಿಷ ಸಂಗೀತ ಕೇಳಿಸಿ ಆಮೇಲೆ ಕರೆ ಕತ್ತರಿಸಿದರು. ಎರಡನೆಯ ಕಡೆ ಎಷ್ಟು ಜನ, ಎಷ್ಟು ಗಂಟೆಗೆ, ಮೊಬೈಲ್ ನಂಬರ್ ಏನು ಎಂದು ಮೂರೇ ಪ್ರಶ್ನೆ ಕೇಳಿ ಮುಗಿಸಿದರು. ತಪ್ಪೇನಿಲ್ಲ, ನಾವೂ ಅಷ್ಟೇ ಕೇಳುತ್ತೇವೆ. ಮೂರನೆಯ ಕಡೆಯ ಹೆಣ್ಣುಮಗಳು ಆ ಮೂರು ಪ್ರಶ್ನೆಯಾದ ಮೇಲೆ ನಾಲ್ಕನೆಯದೊಂದು ಕೇಳಿದಳು: "ಏನಾದರೂ ವಿಶೇಷ ದಿನವೇ ಸರ್?" ಇವರು ಹೇಳಿದರು. ಹಾಗಾದರೆ ಊಟದಲ್ಲಿ ಏನು ವರ್ಜ್ಯ, ಕೂರಲು ಎಂಥ ಜಾಗ ಬೇಕು ಎಂದು ಕೇಳಿದಳು. ಶ್ರೀಮತಿಯವರಿಗೆ ಕಣ್ಣಿಗೆ ಔಷಧ ಬಿಟ್ಟಿರುತ್ತಾರೆ ಎಂದಾಗ, ಬೆಳಕು ನೇರ ಮುಖಕ್ಕೆ ಬೀಳದ ಮೂಲೆಯ ಮೇಜು ಇಡುತ್ತೇವೆ, ಏಳೂಕಾಲಿಗೇ ಬನ್ನಿ, ಆಗ ಗದ್ದಲ ಇರುವುದಿಲ್ಲ ಎಂದಳು. ಹೋಟೆಲಿನ ಆಯ್ಕೆ ಮುಗಿದದ್ದು ಅಲ್ಲಿಯೇ. ಆ ಹೋಟೆಲಿನ ದೀಪದ ಗೊಂಚಲು ಎಷ್ಟು ದೊಡ್ಡದು, ಅಡುಗೆಯವರು ಎಲ್ಲಿ ಕಲಿತವರು ಎಂಬುದನ್ನು ಇವರು ಕೇಳಲೇ ಇಲ್ಲ.

ನಕ್ಷತ್ರಗಳ ಬಗ್ಗೆಯೂ ಒಂದು ಮಾತು. ನಮ್ಮ ದೇಶದಲ್ಲಿ ಪ್ರವಾಸೋದ್ಯಮ ಇಲಾಖೆಯ ಸಮಿತಿ ಕೊಡುವ ಐದು ನಕ್ಷತ್ರ ಹೋಟೆಲಿನ ಸೌಕರ್ಯಕ್ಕೆ ಸೇರಿದ್ದು: ಕೋಣೆಯ ಅಳತೆ, ಲಿಫ್ಟು, ಸೇವೆಗಳು ಇತ್ಯಾದಿ. ಬದನೆಕಾಯಿ ರುಚಿಗೆ ಅದು ಸಾಕ್ಷಿಯಲ್ಲ. ಊಟಕ್ಕೇ ನಕ್ಷತ್ರ ಕೊಡುವ ಪದ್ಧತಿ ಬಂದದ್ದು ಫ್ರಾನ್ಸಿನ ಮಿಶೆಲಿನ್ ಎಂಬ ಟೈರ್ ಕಂಪನಿಯಿಂದ. 1900ರಲ್ಲಿ ಕಾರಿನವರಿಗಾಗಿ ಕೈಪಿಡಿ ಹೊರಡಿಸಿ, 1926ರಿಂದ ಒಳ್ಳೆಯ ಊಟದ ಜಾಗಗಳಿಗೆ ನಕ್ಷತ್ರ ಕೊಡಲು ಶುರುಮಾಡಿದರು. ಅವರಲ್ಲಿ ಎರಡು ನಕ್ಷತ್ರವೆಂದರೆ ದಾರಿ ಬಳಸಿಕೊಂಡಾದರೂ ಹೋಗಬಹುದಾದ ಜಾಗ, ಮೂರೆಂದರೆ ಅದಕ್ಕಾಗಿಯೇ ಪ್ರಯಾಣ ಮಾಡಬಹುದಾದ ಜಾಗ. ಜನ ಜಾಸ್ತಿ ಓಡಾಡಿದರೆ ಟೈರ್ ಜಾಸ್ತಿ ಸವೆಯುತ್ತದೆ, ವ್ಯಾಪಾರ ಬಲ್ಲವರು.

ಖರ್ಚಿನ ವಿಷಯವನ್ನು ಸದಸ್ಯರು ಮುಚ್ಚುಮರೆಯಿಲ್ಲದೆ ಕೇಳಿದರು. ದೊಡ್ಡ ಹೋಟೆಲಿನ ಮೆನುವಿನಲ್ಲಿರುವ ದರ ನೋಡಿ ಲೆಕ್ಕ ಹಾಕಿದರೆ ಸಾಲದು. ಈಗಿನ ಜಿಎಸ್‌ಟಿ ನಿಯಮದಲ್ಲಿ ಸಾಮಾನ್ಯ ರೆಸ್ಟೋರೆಂಟಿನ ಊಟಕ್ಕೆ ಶೇ. 5, ಇನ್‌ಪುಟ್ ತೆರಿಗೆಯ ಲಾಭವಿಲ್ಲ. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೋಣೆಯಿರುವ ಹೋಟೆಲಿನ ಒಳಗಿನ ರೆಸ್ಟೋರೆಂಟಿಗೆ ಶೇ. 18. 2025ರ ಏಪ್ರಿಲ್ 1ರಿಂದ ಈ ಲೆಕ್ಕಕ್ಕೆ ಬೋರ್ಡಿನ ಮೇಲೆ ಬರೆದ ದರದ ಬದಲು ಹಿಂದಿನ ಹಣಕಾಸು ವರ್ಷದಲ್ಲಿ ನಿಜವಾಗಿ ಪಡೆದ ಬಾಡಿಗೆಯನ್ನು ನೋಡುತ್ತಾರೆ. ನಮ್ಮ ಸದಸ್ಯರಲ್ಲಿ ಲಾಡ್ಜಿಂಗ್ ಇರುವವರು ಇದನ್ನು ತಮ್ಮ ಲೆಕ್ಕಿಗರ ಬಳಿ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಗಿರಾಕಿಯ ಕಡೆಯಿಂದ ನೋಡಿದರೆ, 6,000 ರೂಪಾಯಿಯ ಊಟ ಹೊರಗಿನ ರೆಸ್ಟೋರೆಂಟಿನಲ್ಲಿ 6,300 ಆಗುತ್ತದೆ, ಐಷಾರಾಮಿ ಹೋಟೆಲಿನಲ್ಲಿ 7,080 ಆಗುತ್ತದೆ. ಮದ್ಯ ಜಿಎಸ್‌ಟಿಯ ಹೊರಗೆ, ಅದಕ್ಕೆ ರಾಜ್ಯದ ತೆರಿಗೆ ಬೇರೆ.

ಇನ್ನು ಸೇವಾ ಶುಲ್ಕ. ಬಿಲ್ಲಿಗೆ ತಾನಾಗಿ ಶೇ. 10 ಸೇರಿಸುವ ರೂಢಿಯನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ನಮ್ಮ ಉದ್ಯಮದ ಸಂಘಟನೆಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಏಕಸದಸ್ಯ ಪೀಠವು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಗಿರಾಕಿ ಮನಸಾರೆ ಕೊಟ್ಟರೆ ಬೇರೆ ಮಾತು, ಬಲವಂತವಿಲ್ಲ. ಬಡಿಸುವ ಹುಡುಗರ ಸಂಬಳವನ್ನು ಮೆನು ದರದಲ್ಲೇ ಸೇರಿಸಿಕೊಳ್ಳುವುದು ನೇರವಾದ ದಾರಿ ಎಂಬುದು ನಮ್ಮ ಅಭಿಪ್ರಾಯ. ಕೆಲವು ಸದಸ್ಯರು ಒಪ್ಪಲಿಕ್ಕಿಲ್ಲ.

ಬಿಲ್ ತರುವ ಬಗೆಯೂ ಅಂಥ ರಾತ್ರಿ ಮುಖ್ಯ. ಹಿಂದೆ ಯುರೋಪಿನ ಕೆಲವು ಭೋಜನಶಾಲೆಗಳಲ್ಲಿ ಹೆಂಗಸರಿಗೆ ದರ ಮುದ್ರಿಸದ ಮೆನು ಕೊಡುತ್ತಿದ್ದರು. ಈ ಕಾಲಕ್ಕೆ ಅದು ಹಿಡಿಸದು. ಆದರೆ ಅದರ ಹಿಂದಿನ ಲೆಕ್ಕಾಚಾರ ನಮ್ಮ ಮನೆಗಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಬಟ್ಟಲು ದಾಲಿಗೆ ಎಷ್ಟು ಎಂದು ಕಂಡರೆ ನಮ್ಮ ಮನೆಯ ಹೆಂಗಸರ ಗಂಟಲಲ್ಲಿ ಅದು ಇಳಿಯುವುದಿಲ್ಲ. ಬೇಳೆಯ ದರ ಅವರಿಗೆ ಬಾಯಿಪಾಠ. ಇದಕ್ಕೆ ನಾವು ಹೇಳಿಕೊಟ್ಟ ಉಪಾಯ ಸರಳ: ಎರಡು ದಿನ ಮೊದಲೇ ಮೆನು ತರಿಸಿಕೊಂಡು ಏನೇನು ಬೇಕೆಂದು ಫೋನಿನಲ್ಲೇ ಹೇಳಿಬಿಡಿ, ಮೇಜಿನ ಮೇಲೆ ಮೆನು ತೆರೆಯುವ ಪ್ರಸಂಗವೇ ಬೇಡ.

ಊಟದ ದಿನ ಎಲ್ಲವೂ ಸರಿಯಾಗಿ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಕೇಕ್ ಬೇಡ ಎಂದು ಇವರು ಹೇಳಿದ್ದರೂ ಒಂದು ಕೇಕ್ ಬಂತು, ನಾಲ್ಕು ಜನ ಹುಡುಗರು ಸುತ್ತ ನಿಂತು ಚಪ್ಪಾಳೆ ತಟ್ಟಿದರು, ಅಕ್ಕಪಕ್ಕದವರು ತಿರುಗಿ ನೋಡಿದರು. ಶ್ರೀಮತಿಯವರು ಸೆರಗು ತಲೆಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದರಂತೆ. ಉಚಿತವಾಗಿ ಕೊಟ್ಟದ್ದು, ಪ್ರೀತಿಯಿಂದಲೇ ಕೊಟ್ಟದ್ದು. ಆದರೆ ಕೆಲವರಿಗೆ ಸಂಭ್ರಮವೆಂದರೆ ಯಾರೂ ತಮ್ಮನ್ನು ನೋಡದಿರುವುದು. ಫೋನಿನಲ್ಲಿ ಕೇಳಿದ ಹೆಣ್ಣುಮಗಳು ಬರೆದಿಟ್ಟದ್ದು ಒಳಗಿನ ಹುಡುಗರಿಗೆ ತಲುಪಿರಲಿಲ್ಲ. ನಮ್ಮಲ್ಲಿ ಕೌಂಟರಿನಿಂದ ಅಡುಗೆಮನೆಗೆ ಹೋಗುವ ಚೀಟಿಯಲ್ಲಿ ಇಂಥದ್ದಕ್ಕೆ ಒಂದು ಸಾಲಿನ ಜಾಗವಾದರೂ ಇದೆಯೇ?

ಉಳಿದದ್ದು ಚೆನ್ನಾಗಿತ್ತು. ಮೂಲೆಯ ಮೇಜು, ತಗ್ಗಿಸಿದ ದೀಪ, ಕೈಯಲ್ಲೇ ಊಟ. ಆಕೆ ನಿಧಾನವಾಗಿ, ಹೊಟ್ಟೆತುಂಬ ಉಂಡರು. ಬಡಿಸಿದ ಹುಡುಗ ಬೀದರ್ ಕಡೆಯವನೆಂದು ತಿಳಿದ ಮೇಲೆ ಅವನ ಊರು, ಅವನ ಅವ್ವ, ಸಂಬಳ ಎಲ್ಲವನ್ನೂ ವಿಚಾರಿಸಿದರಂತೆ. ಎದ್ದು ಹೋಗುವಾಗ ಅಭ್ಯಾಸಬಲದಿಂದ ತಮ್ಮ ತಟ್ಟೆ ತಾವೇ ಎತ್ತಲು ಹೋದರು, ಅವನು ಬಿಡಲಿಲ್ಲ.

ಊರಿಗೆ ಬಂದ ಮೇಲೆ ನಮ್ಮ ಸದಸ್ಯರು ಖಾನಾವಳಿಯ ಫೋನಿನ ಪಕ್ಕ ಒಂದು ರಿಜಿಸ್ಟರ್ ಇಟ್ಟಿದ್ದಾರೆ. ಹೆಸರು, ಜನ, ಹೊತ್ತು ಇವುಗಳ ಮುಂದೆ "ಏನು ವಿಶೇಷ" ಎಂದು ಒಂದು ಅಂಕಣ, ಅದರ ಮುಂದೆ "ಏನು ಬೇಡ" ಎಂದು ಇನ್ನೊಂದು. ಎರಡನೆಯ ಅಂಕಣ ಹಾಕಲು ಹೇಳಿದವರು ಅವರ ಶ್ರೀಮತಿಯವರಂತೆ. ಊಟ ಹೇಗಿತ್ತು ಎಂದು ನಾವು ಅವರನ್ನೇ ಫೋನಿನಲ್ಲಿ ಕೇಳಿದೆವು. "ಎಲ್ಲಾ ಚಲೋ ಇತ್ರಿ ಅಣ್ಣಾರ. ಬದನಿಕಾಯಿಗೆ ಹುಣಸಿಹುಳಿ ಮಾತ್ರ ತುಸು ಮುಂದಾಗಿತ್ತು" ಎಂದರು.